ತೂಬಿನ ಬಾಗಿಲು ಯಾವಾಗ ತೆಗೆಯಬೇಕು, ಅದನ್ನು ಯಾರು ಹೇಳಬೇಕು?

ಒಂದು ಎಕರೆ ಜಾಗ ಇದೆ ಅಂದುಕೊಳ್ಳಿ. ಫೆಬ್ರವರಿಯಲ್ಲಿ ಅದು ಒಬ್ಬರ ಗದ್ದೆ. ಬದು ಇದೆ, ಕಾಗದ ಪತ್ರ ಇದೆ, ಬೇರೆಯವರು ಕಾಲಿಟ್ಟರೆ ಜಗಳ. ಆಗಸ್ಟ್‌ನಲ್ಲಿ ಅದೇ ಜಾಗದ ಮೇಲೆ ಆಳುದ್ದ ನೀರು ನಿಂತಿರುತ್ತದೆ. ಬದು ಎಲ್ಲಿತ್ತು ಅಂತ ಒಡೆಯನಿಗೂ ನೆನಪಿರುವುದಿಲ್ಲ. ಪಕ್ಕದೂರಿನ ಹುಡುಗ ದೋಣಿಯಲ್ಲಿ ಬಂದು ಬಲೆ ಬೀಸಿದರೂ ಯಾರೂ ಏನೂ ಅನ್ನುವುದಿಲ್ಲ. ನವೆಂಬರ್ ಹೊತ್ತಿಗೆ ನೀರು ಇಳಿಯುತ್ತದೆ, ಬದು ಮತ್ತೆ ತಲೆ ಎತ್ತುತ್ತದೆ, ಅದರ ಜೊತೆಗೆ ಜಗಳವೂ.

ಬಾಂಗ್ಲಾದೇಶದ ನೆರೆ ಬಯಲು ಅಂದರೆ ಹೀಗೆ. ಗಂಗಾ, ಬ್ರಹ್ಮಪುತ್ರ, ಮೇಘನಾ ಮೂರೂ ನದಿ ಬಂದು ಸಮುದ್ರ ಸೇರುವ ದೇಶ ಅದು, ನೆಲದ ಬಹುಪಾಲು ಆ ನದಿಗಳೇ ಹೊತ್ತು ತಂದು ಹಾಕಿದ ಮಣ್ಣು. ಸಾಮಾನ್ಯ ವರ್ಷದಲ್ಲೇ ದೇಶದ ಐದರಲ್ಲಿ ಒಂದು ಭಾಗ ನೀರಿನಡಿ ಹೋಗುತ್ತದೆ. 1998ರಲ್ಲಂತೂ ಸುಮಾರು ಮೂರರಲ್ಲಿ ಎರಡು ಭಾಗ ಮುಳುಗಿತ್ತು, ಎರಡು ತಿಂಗಳಿಗೂ ಮೇಲೆ. ಅಲ್ಲಿನ ಜನ ಇದಕ್ಕೆ ಎರಡು ಬೇರೆ ಮಾತು ಇಟ್ಟುಕೊಂಡಿದ್ದಾರೆ. ವರ್ಷಾ ವರ್ಷ ಬಂದು ಹೋಗುವ ನೀರು ಬರ್ಷಾ, ಅದು ಬೇಕು. ಮನೆ ಮಠ ಕೊಚ್ಚಿಕೊಂಡು ಹೋಗುವುದು ಬನ್ನಾ, ಅದು ಬೇಡ. ಇಂಜಿನಿಯರುಗಳು ಬಹಳ ವರ್ಷ ಎರಡನ್ನೂ ಒಂದೇ ಅಂದುಕೊಂಡು ಒಡ್ಡು ಕಟ್ಟಿದರು. ತೊಂದರೆ ಶುರುವಾಗಿದ್ದು ಅಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ.

ಮೊದಲು ಮೀನಿನ ಕಡೆಯಿಂದ ನೋಡೋಣ. ಅದಕ್ಕೆ ವೋಟಿಲ್ಲ, ಸಭೆಗೂ ಬರುವುದಿಲ್ಲ, ಹಾಗಾಗಿ ಅದರ ಕಥೆಯನ್ನು ಯಾರಾದರೂ ಮೊದಲೇ ಹೇಳಿಬಿಡಬೇಕು.

ನೆರೆ ಬಯಲಿನ ಮೀನು ಬಲ್ಲವರು ಅವನ್ನು ಎರಡು ಪಂಗಡ ಮಾಡುತ್ತಾರೆ: ಬಿಳಿ ಮೀನು, ಕರಿ ಮೀನು. ರೋಹು, ಕಾಟ್ಲಾ, ಮೃಗಾಲ್ ಎಲ್ಲ ಬಿಳಿ. ಇವು ನದಿಯ ಮೀನು. ಮೊದಲ ಮಳೆಗೆ ನದಿ ಕೆಂಪಾಗಿ ಏರುತ್ತಿದ್ದಂತೆ ಮೊಟ್ಟೆ ಇಡುತ್ತವೆ. ಒಂದು ಕಿಲೋ ತೂಕದ ಹೆಣ್ಣು ರೋಹು ಎರಡು ಲಕ್ಷಕ್ಕೂ ಮೇಲೆ ಮೊಟ್ಟೆ ಇಡಬಲ್ಲದು. ಒಂದು ದಿನದೊಳಗೆ ಮೊಟ್ಟೆ ಒಡೆದು ಮರಿ ಬರುತ್ತದೆ, ಸೂಜಿಯ ತುದಿಯಷ್ಟು ಸಣ್ಣದು, ಗಾಜಿನ ಹಾಗೆ ಮೈಯೊಳಗೆಲ್ಲ ಕಾಣುತ್ತದೆ, ಎದ್ದು ಕಾಣುವುದು ಎರಡು ಕಪ್ಪು ಕಣ್ಣು ಮಾತ್ರ. ಈಜಲು ಬರುವುದಿಲ್ಲ ಅಂತಲೇ ಹೇಳಬೇಕು. ನೀರು ಎಲ್ಲಿಗೆ ಒಯ್ದರೆ ಅಲ್ಲಿಗೆ. ನದಿ ತುಂಬಿ ಬಯಲಿಗೆ ಹರಿದರೆ ಮರಿಯೂ ಅದರ ಜೊತೆ ಬಯಲಿಗೆ ಬಂತು. ಅಲ್ಲಿ ನೀರು ಬೆಚ್ಚಗಿರುತ್ತದೆ, ಕೊಳೆತ ಹುಲ್ಲಿದೆ, ಹುಳ ಹುಪ್ಪಟೆ ಇದೆ. ನಾಲ್ಕು ತಿಂಗಳು ತಿಂದು ದಪ್ಪಗಾಗಿ, ನೀರು ಇಳಿಯುವ ಹೊತ್ತಿಗೆ ಮತ್ತೆ ನದಿಗೆ ಹೊರಡುತ್ತದೆ.

ಕರಿ ಮೀನು ಬೇರೆ ಥರ. ಕೊರವ ಮೀನು ಇದೆಯಲ್ಲ, ಆ ಜಾತಿ. ಇವು ನದಿಗೆ ಹೋಗುವ ಗೊಡವೆಗೇ ಹೋಗುವುದಿಲ್ಲ. ನೀರಿನಿಂದ ತಲೆ ಎತ್ತಿ ಗಾಳಿ ಎಳೆದುಕೊಳ್ಳುತ್ತವೆ, ಬೇಸಿಗೆಯಲ್ಲಿ ಬಯಲಿನ ತಗ್ಗಿನಲ್ಲಿ ಉಳಿಯುವ ಒಂದಿಷ್ಟು ಕೆಸರು ನೀರಲ್ಲೇ ದಿನ ತಳ್ಳುತ್ತವೆ. ಆ ತಗ್ಗಿಗೆ ಅಲ್ಲಿ ಬೀಲ್ ಅನ್ನುತ್ತಾರೆ. ದೊಡ್ಡ ತಟ್ಟೆಯಂಥ ಬಯಲಾದರೆ ಹಾವೊರ್, ಈಶಾನ್ಯದ ಸಿಲ್ಹೆಟ್ ಕಡೆ ಜಾಸ್ತಿ. ನದಿಗೂ ಬೀಲ್‌ಗೂ ನಡುವಿನ ಕಾಲುವೆಗೆ ಖಾಲ್.

ಅಂದರೆ ಬಿಳಿ ಮೀನಿಗೆ ಬೇಕಾದದ್ದು ಜೂನ್ ಜುಲೈನಲ್ಲಿ ತೆರೆದ ದಾರಿ. ಕರಿ ಮೀನಿಗೆ ಬೇಕಾದದ್ದು ಮಾರ್ಚ್ ಏಪ್ರಿಲ್‌ನಲ್ಲಿ ಒಂದಿಷ್ಟು ನೀರು. ಎರಡೇ ಬೇಡಿಕೆ. ರೈತನಿಗೆ ತೊಂದರೆ ಆಗುವುದು ಸರಿಯಾಗಿ ಈ ಎರಡು ಹೊತ್ತಲ್ಲೇ.

ಹೇಗೆ ಅಂತ ಕೇಳಿ. 1960ರ ದಶಕದಿಂದ ಈಚೆಗೆ ನದಿಗಳ ಪಕ್ಕ ಸಾವಿರಾರು ಕಿಲೋಮೀಟರ್ ಒಡ್ಡು ಬಂತು. ಖಾಲ್ ಒಡ್ಡನ್ನು ದಾಟುವ ಕಡೆ ತೂಬು ಇಟ್ಟರು, ಕಬ್ಬಿಣದ ಬಾಗಿಲು, ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಗದ್ದೆಯಲ್ಲಿ ಬೋರೋ ಭತ್ತ ಕೊಯ್ಲಿಗೆ ಬಂದಿರುತ್ತದೆ, ಅದು ಚಳಿಗಾಲದಲ್ಲಿ ನಾಟಿ ಮಾಡಿ ನೀರು ಕಟ್ಟಿ ಬೆಳೆದ ಬೆಳೆ, ಇವತ್ತು ದೇಶದ ಅರ್ಧಕ್ಕಿಂತ ಜಾಸ್ತಿ ಅಕ್ಕಿ ಅದರಿಂದಲೇ. ಒಂದು ರಾತ್ರಿ ನೀರು ನುಗ್ಗಿದರೆ ವರ್ಷದ ಊಟ ಹೋಯಿತು. 2017ರಲ್ಲಿ ಹಾವೊರ್ ಪ್ರದೇಶದಲ್ಲಿ ಆದದ್ದು ಅದೇ, ಮಾರ್ಚ್ ಕೊನೆಗೇ ಬೆಟ್ಟದ ನೀರು ಇಳಿದು ಹಸಿರು ಭತ್ತವೇ ಮುಳುಗಿತು. ಬೋರೋ ಮನೆಗೆ ಬಂದ ಮೇಲೂ ಸಮಾಧಾನ ಇಲ್ಲ, ಆಗ ಮಳೆಗಾಲದ ಆಮನ್ ಭತ್ತದ ಪೈರು ಇನ್ನೂ ಗೇಣುದ್ದ. ಹಾಗಾಗಿ ರೈತ ಬಾಗಿಲು ಹಾಕಿಡಿ ಅನ್ನುತ್ತಾನೆ. ಜುಲೈ ಕೊನೆಗೆ ಪೈರು ಎದ್ದ ಮೇಲೆ ತೆಗೆಯಿರಿ, ಆಗ ನನ್ನದೇನೂ ತಕರಾರಿಲ್ಲ ಅನ್ನುತ್ತಾನೆ. ಅವನ ಮಾತಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟರಲ್ಲಿ ಸೂಜಿ ಮರಿಗಳು ನದಿಯ ಜೊತೆ ಮುಂದಕ್ಕೆ ಹೋಗಿಬಿಟ್ಟಿರುತ್ತವೆ. ನೀರು ಬರುತ್ತದೆ, ಮೀನು ಬರುವುದಿಲ್ಲ.

ತೆಗೆಯುವ ರೀತಿಯೂ ಮುಖ್ಯ. ಹೊರಗೆ ನದಿ ಎತ್ತರದಲ್ಲಿದ್ದು, ಒಳಗೆ ನೀರು ಕೆಳಗಿದ್ದು, ಬಾಗಿಲನ್ನು ಸುಮ್ನೆ ಗೇಣು ಎತ್ತಿ ಬಿಟ್ಟರೆ ಆ ಸಂದಿಯಲ್ಲಿ ನೀರು ಬಾಣದ ಹಾಗೆ ನುಗ್ಗುತ್ತದೆ. ಆ ರಭಸಕ್ಕೆ ಎಷ್ಟೋ ಮರಿಗಳು ಸತ್ತೇ ಹೋಗುತ್ತವೆ. ಒಳಗೂ ಹೊರಗೂ ನೀರಿನ ಮಟ್ಟದಲ್ಲಿ ಜಾಸ್ತಿ ಅಂತರ ಇಲ್ಲದಾಗ ಪೂರ್ತಿ ಎತ್ತಿದರೆ ಬದುಕುತ್ತವೆ. ಬರೀ ಬಾಗಿಲು ತೆಗೆಯಿರಿ ಅಂತ ಮೇಲಿನಿಂದ ಒಂದು ಆದೇಶ ಕಳಿಸಿದರೆ ಇದು ಆಗುವ ಕೆಲಸವಲ್ಲ. ಪ್ರತಿದಿನ ಬೆಳಿಗ್ಗೆ ಹೋಗಿ ನೀರು ಎಷ್ಟು ಏರಿದೆ ಅಂತ ನೋಡುವವರು ಬೇಕು. ನೀರುಗಂಟಿಯ ಕೆಲಸ ಅದು.

ಗಮನಿಸಿ, ಇದು ನೀರು ಸಾಲದ್ದಕ್ಕೆ ಆಗುವ ಜಗಳ ಅಲ್ಲ. ಮಳೆಗಾಲದಲ್ಲಿ ನೀರು ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಇದು ತಾರೀಖಿನ ಜಗಳ. ಹತ್ತು ಹದಿನೈದು ದಿನ ಆಚೆ ಈಚೆ. ಹಾಗಾಗಿ ಮಾತಾಡಿ ಬಗೆಹರಿಸಬಹುದು, ಗದ್ದೆಯನ್ನೂ ಉಳಿಸಿ ಮೀನನ್ನೂ ಒಳಗೆ ಬಿಟ್ಟುಕೊಳ್ಳುವ ಕೆಲವು ದಿನಗಳು ಸಿಕ್ಕೇ ಸಿಗುತ್ತವೆ. ಆದರೆ ಆ ದಿನಗಳು ಯಾವುವು ಅಂತ ಢಾಕಾದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಬೇಸಿಗೆಯ ಜಗಳ ಮಾತ್ರ ನಿಜವಾಗಿಯೂ ನೀರಿನದ್ದೇ, ಅದು ಕಷ್ಟದ್ದು. ಒಂದು ಸಣ್ಣ ಲೆಕ್ಕ ಹಾಕೋಣ. ಬೋರೋ ಭತ್ತಕ್ಕೆ ಒಂದು ಬೆಳೆಗೆ ಹೆಚ್ಚು ಕಮ್ಮಿ ಒಂದು ಮೀಟರ್ ಎತ್ತರದಷ್ಟು ನೀರು ಕಟ್ಟಬೇಕು. ಹತ್ತು ಹೆಕ್ಟೇರ್ ಅಗಲದ, ಒಂದು ಮೀಟರ್ ಆಳದ ಬೀಲ್ ಇದ್ದರೆ, ಅದರ ಸುತ್ತ ಬರೀ ಹತ್ತು ಹೆಕ್ಟೇರ್ ಬೋರೋ ಹಾಕಿದರೆ ಸಾಕು, ಬೀಲ್ ಖಾಲಿ. ಬಿಸಿಲಿಗೆ ಆರಿ ಹೋಗುವ ನೀರನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಮೀನು ಇರುವುದೇ ಆ ನೀರಲ್ಲಿ. ಮುಂದಿನ ವರ್ಷದ ಕರಿ ಮೀನಿನ ಬೀಜ ಪೂರ್ತಿ ಆ ಮೊಣಕಾಲುದ್ದ ಕೆಸರಲ್ಲಿ ಕೂತಿರುತ್ತದೆ.

ಅದರ ಮೇಲೆ ಇನ್ನೊಂದಿದೆ. ನೀರು ಇಳಿಯುವಾಗ ಮೀನು ಓಡಿ ಬಂದು ಸೇರಲಿ ಅಂತಲೇ ಜನ ತಮ್ಮ ಜಮೀನಲ್ಲಿ ಆಳದ ಗುಂಡಿ ತೋಡಿಟ್ಟಿರುತ್ತಾರೆ, ಅದಕ್ಕೆ ಕುವಾ ಅನ್ನುತ್ತಾರೆ. ಚಳಿಗಾಲದಲ್ಲಿ ಡೀಸೆಲ್ ಪಂಪು ಇಟ್ಟು ಗುಂಡಿಯನ್ನು ಒಣಗಿಸಿ, ಕೈಯಲ್ಲೇ ಬಾಚಿ ಮೀನು ತೆಗೆಯುತ್ತಾರೆ. ಮಳೆಗಾಲದಲ್ಲಿ ಎಲ್ಲರದ್ದಾಗಿದ್ದ ಮೀನು ಡಿಸೆಂಬರ್‌ನಲ್ಲಿ ಗುಂಡಿ ಇದ್ದವರದ್ದಾಯಿತು! ಗುಂಡಿ ಇರಬೇಕಾದರೆ ಜಮೀನು ಇರಬೇಕು. ಜಮೀನಿಲ್ಲದವರಿಗೆ ಬಯಲಿನ ಮೀನು ಸಿಗುವುದು ನೀರು ಇರುವ ಆ ನಾಲ್ಕೈದು ತಿಂಗಳು ಮಾತ್ರ.

ಇನ್ನು ಬೀಲ್ ಯಾರದ್ದು ಅನ್ನುವ ಪ್ರಶ್ನೆ. ಜಮೀನ್ದಾರಿ 1950ರ ಕಾನೂನಿನಿಂದ ಹೋಯಿತು, ಅವರ ಕೈಯಲ್ಲಿದ್ದ ಬೀಲ್, ಹಾವೊರ್, ನದಿಯ ತುಂಡುಗಳೆಲ್ಲ ಸರ್ಕಾರಕ್ಕೆ ಬಂದವು. ಇವಕ್ಕೆ ಜಲ್‌ಮಹಲ್ ಅಂತ ಹೆಸರು. ಕೇಳಿದರೆ ನೀರಿನ ಅರಮನೆ ಅನ್ನಿಸುತ್ತದೆ, ಆದರೆ ಇಲ್ಲಿ ಮಹಲ್ ಅಂದರೆ ಕಂದಾಯ ಕೊಡುವ ಆಸ್ತಿ. ನಡೆಸುವ ರೀತಿಯೂ ಶುದ್ಧ ವ್ಯಾಪಾರ. ಭೂ ಇಲಾಖೆ ಇವನ್ನು ಗುತ್ತಿಗೆಗೆ ಕೊಡುತ್ತದೆ, ಅದಕ್ಕೆ ಇಜಾರಾ ಅಂತಾರೆ, ಹಿಡಿದವನು ಇಜಾರದಾರ. ಬಲೆ ಬೀಸುವವರು ಅವನಿಗೆ ದುಡ್ಡು ಕೊಟ್ಟು ಅಥವಾ ಪಾಲು ಕೊಟ್ಟು ಮೀನು ಹಿಡಿಯಬೇಕು. ಕಾಗದದ ಮೇಲೆ ಮೀನುಗಾರರ ಸಹಕಾರ ಸಂಘಕ್ಕೇ ಮೊದಲ ಹಕ್ಕು, 2009ರ ಜಲ್‌ಮಹಲ್ ನೀತಿಯೂ ಅದನ್ನೇ ಹೇಳುತ್ತದೆ. ಆದರೆ ಗುತ್ತಿಗೆ ಹಣ ಮೊದಲೇ ಕಟ್ಟಬೇಕಲ್ವಾ, ಬಡವರ ಸಂಘಕ್ಕೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ದುಡ್ಡಿರುವವನು ಹಿಂದೆ ನಿಂತು ಸಂಘದ ಹೆಸರಲ್ಲಿ ಬೀಲ್ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಆಟ. ಮೀನುಗಾರರ ಹಳೇ ಘೋಷಣೆ ಒಂದಿದೆ: ಜಾಲ್ ಜಾರ್, ಜಲಾ ತಾರ್. ಬಲೆ ಯಾರದ್ದೋ ನೀರು ಅವರದ್ದು. ಎಷ್ಟೋ ವರ್ಷ ಅದು ಬರೀ ಘೋಷಣೆಯಾಗಿಯೇ ಉಳಿಯಿತು.

1995ರಲ್ಲಿ ಸರ್ಕಾರ ಹರಿಯುವ ನದಿಗಳ ಗುತ್ತಿಗೆ ತೆಗೆದು ಹಾಕಿತು. ಬಡವರಿಗೆ ಒಳ್ಳೆಯದು ಅಂತ ಅನ್ನಿಸುತ್ತದೆ. ಆದರೆ ಗುತ್ತಿಗೆ ಹೋದ ಜಾಗಕ್ಕೆ ಬೇರೆ ಯಾವ ಕಟ್ಟುಪಾಡೂ ಬರಲಿಲ್ಲ. ಯಾರದ್ದೂ ಅಲ್ಲದ ನೀರಲ್ಲಿ ಮೊದಲು ಬಂದವನಿಗೆ, ಜೋರಿದ್ದವನಿಗೆ ಮೀನು. ಅಷ್ಟರಲ್ಲಿ ಕರೆಂಟ್ ಜಾಲ್ ಅನ್ನುವ ತೆಳು ನೈಲಾನ್ ಬಲೆ ಊರೂರಿಗೆ ಬಂದಿತ್ತು. ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ, ನೀರಲ್ಲಿ ಕಣ್ಣಿಗೇ ಕಾಣುವುದಿಲ್ಲ, ಮುಟ್ಟಿದ ಮೀನು ಮತ್ತೆ ಬಿಡಿಸಿಕೊಳ್ಳುವುದಿಲ್ಲ. 2002ರಲ್ಲಿ ನಿಷೇಧ ಮಾಡಿದರು, ಇವತ್ತಿಗೂ ಸಿಗುತ್ತದೆ.

ಊರಿನವರೇ ಸೇರಿ ನೋಡಿಕೊಳ್ಳುವ ಪ್ರಯೋಗಗಳು ಶುರುವಾದದ್ದು ಈ ಹೊತ್ತಲ್ಲಿ, 1990ರ ದಶಕದ ನಡುವಿನಲ್ಲಿ. ಮೀನುಗಾರಿಕೆ ಇಲಾಖೆ, ಸ್ವಯಂಸೇವಾ ಸಂಸ್ಥೆಗಳು, ಇವತ್ತು ವರ್ಲ್ಡ್‌ಫಿಶ್ ಅಂತ ಕರೆಸಿಕೊಳ್ಳುವ ಸಂಶೋಧನಾ ಕೇಂದ್ರ, ಇವರೆಲ್ಲ ಸೇರಿ ಕೆಲವು ಬೀಲ್‌ಗಳಲ್ಲಿ ಮೊದಲು ಮಾಡಿ ನೋಡಿದರು. 2001ರ ನಂತರದ ಎರಡನೇ ಸುತ್ತಿನಲ್ಲಿ ಅದು ನೂರಕ್ಕೂ ಹೆಚ್ಚು ಕಡೆಗೆ ಹಬ್ಬಿತು.

ಸಭೆ ಹೇಗೆ ಕೂಡಿಸಿದರು ಅನ್ನುವುದೇ ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು. ಎಲ್ಲರನ್ನೂ ಒಂದೇ ಚಾಪೆ ಮೇಲೆ ಕೂರಿಸಿದರೆ ಏನಾಗುತ್ತದೆ ಅಂತ ಗೊತ್ತಲ್ಲ, ಜಮೀನು ಜಾಸ್ತಿ ಇದ್ದವರು ಮಾತಾಡುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. ಹಾಗಾಗಿ ಮೊದಲು ಬೇರೆ ಬೇರೆ. ರೈತರು ಒಂದು ಕಡೆ, ಮೀನುಗಾರರು ಒಂದು ಕಡೆ, ಜಮೀನಿಲ್ಲದವರು, ಹೆಂಗಸರು ಇನ್ನೊಂದೊಂದು ಕಡೆ. ಪ್ರತಿ ಗುಂಪೂ ತನ್ನ ತಾಪತ್ರಯದ ಪಟ್ಟಿ ಮಾಡುತ್ತದೆ. ಆಮೇಲೆ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಎಲ್ಲರೂ ಕೂತು ನೋಡುತ್ತಾರೆ. ಎಷ್ಟೋ ಕಡೆ ಎಲ್ಲ ಪಟ್ಟಿಯಲ್ಲೂ ಒಂದು ಸಾಲು ಸಿಕ್ಕಿತು: ಖಾಲ್‌ನಲ್ಲಿ ಹೂಳು ತುಂಬಿದೆ. ರೈತನಿಗೆ ನೀರು ಹೊರಗೆ ಹೋಗುವುದಿಲ್ಲ, ಮೀನುಗಾರನಿಗೆ ಮೀನು ಒಳಗೆ ಬರುವುದಿಲ್ಲ, ದೋಣಿಯವನಿಗೆ ದೋಣಿ ಸಾಗುವುದಿಲ್ಲ. ಸರಿ, ಜಗಳ ಇಲ್ಲದ ಈ ಕೆಲಸದಿಂದಲೇ ಶುರು ಮಾಡಿದರು. ಒಟ್ಟಿಗೆ ಹೂಳೆತ್ತಿದ ಜನ ಆಮೇಲೆ ತೂಬಿನ ತಾರೀಖಿನ ಬಗ್ಗೆ ಮಾತಾಡುವಾಗ ದನಿ ಸ್ವಲ್ಪ ತಗ್ಗಿರುತ್ತದೆ.

ಆಮೇಲಿನ ಕಟ್ಟುಪಾಡುಗಳಲ್ಲಿ ದೊಡ್ಡ ವಿಜ್ಞಾನ ಏನಿಲ್ಲ. ಮಳೆಗಾಲದ ಶುರುವಿನ ಕೆಲವು ವಾರ ಮೀನು ಹಿಡಿಯಬಾರದು, ತಾಯಿ ಮೀನು ಮೊಟ್ಟೆ ಇಡಲಿ, ಮರಿ ಬೆಳೆಯಲಿ. ಸಣ್ಣ ಕಣ್ಣಿನ ಬಲೆ ಬೇಡ. ಬೀಲ್‌ನ ಆಳದ ಜಾಗದಲ್ಲಿ ವರ್ಷಪೂರ್ತಿ ಬಲೆ ಬೇಡ, ಅದು ಮೀನಿನ ಆಶ್ರಯ. ಆ ಆಶ್ರಯ ಮಾಡುವ ರೀತಿ ನೋಡಿ. ಬಿದಿರು ಗಳ ನೆಟ್ಟು, ನಡುವೆ ಮರದ ಕೊಂಬೆಗಳನ್ನು ಮುಳುಗಿಸುತ್ತಾರೆ, ಮೇಲೆ ನೀರ ಕಳೆ ತೇಲಲು ಬಿಡುತ್ತಾರೆ. ನೆರಳಿಗೂ, ಕೊಂಬೆಯ ಮೇಲೆ ಬೆಳೆಯುವ ಪಾಚಿಗೂ ಮೀನು ಬಂದು ಸೇರುತ್ತದೆ. ತಮಾಷೆ ಏನು ಅಂದರೆ, ಇದು ಅಲ್ಲಿನ ಹಳೇ ಬೇಟೆಯ ಉಪಾಯ, ಕಾಠಾ ಅಂತಾರೆ. ಇದೇ ಕೊಂಬೆಗಳ ಸುತ್ತ ಚಳಿಗಾಲದಲ್ಲಿ ಬಲೆ ಸುತ್ತಿ, ಒಂದೊಂದೇ ಕೊಂಬೆ ಎಳೆದು ಹಾಕಿ, ಸೇರಿದ ಮೀನನ್ನೆಲ್ಲ ಎತ್ತುತ್ತಾರೆ. ಬಲೆಗೂ ಆಶ್ರಯಕ್ಕೂ ಇರುವ ವ್ಯತ್ಯಾಸ ಗಳದ ತುದಿಗೆ ಕಟ್ಟಿದ ಒಂದು ಕೆಂಪು ಬಟ್ಟೆ. ಅದನ್ನು ಕಂಡು ಜನ ದೋಣಿ ತಿರುಗಿಸಿದರೆ ಆಶ್ರಯ, ಇಲ್ಲದಿದ್ದರೆ ಬೇಟೆಯವನಿಗೆ ಮೀನು ಎಲ್ಲಿದೆ ಅಂತ ತೋರಿಸಿಕೊಟ್ಟ ಹಾಗೆ.

ಮೀನು ಹಿಡಿಯಬೇಡಿ ಅನ್ನುವುದು ಸುಲಭ, ಅವತ್ತಿನ ದುಡಿಮೆಯಲ್ಲಿ ಅವತ್ತು ಉಣ್ಣುವವರಿಗೆ ಆ ಕೆಲವು ವಾರ ಏನು ಗತಿ? ಇದಕ್ಕೆ ಉತ್ತರ ಇಲ್ಲದ ಕಡೆ ಕಟ್ಟುಪಾಡು ನಿಲ್ಲುವುದಿಲ್ಲ. ಕೆಲವು ಕಡೆ ನಿಷೇಧದ ಅವಧಿ ಕಮ್ಮಿ ಮಾಡಿದರು, ಕೆಲವು ಕಡೆ ಬೇರೆ ಕಸುಬಿಗೆ ಸಣ್ಣ ಸಾಲ ಕೊಟ್ಟರು. ನರೈಲ್ ಜಿಲ್ಲೆಯ ಗೋವಾಖೋಲಾ-ಹಾತಿಯಾರಾ ಬೀಲ್‌ನಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ನೆಲ ಎಲ್ಲ ಖಾಸಗಿ, ಗುತ್ತಿಗೆ ಹಿಡಿಯಲು ಸರ್ಕಾರದ ನೀರೇ ಇಲ್ಲ. ಊರಿನ ಹೆಂಗಸರ ಗುಂಪುಗಳು ಮುಂದೆ ನಿಂತವು, ಕೆಲವು ಕುವಾಗಳನ್ನು ಒಣಗಿಸದೆ ಆಶ್ರಯಕ್ಕೆ ಬಿಡುವ ಹಾಗೆ ಏರ್ಪಾಡು ಮಾಡಿಕೊಂಡರು. ಒಣಗಿಸದೆ ಬಿಟ್ಟ ಒಂದೊಂದು ಗುಂಡಿಯೂ ಮುಂದಿನ ಜೂನ್‌ಗೆ ಬೀಜದ ಕಣಜ.

ಬೇಸಿಗೆಯ ನೀರಿಗೂ ದಾರಿ ಸಿಕ್ಕಿತು, ಆದರೆ ಅದು ಮೀನುಗಾರರ ಹತ್ತಿರ ಇರಲಿಲ್ಲ, ರೈತರ ಹತ್ತಿರವೇ ಇತ್ತು. ಬೀಲ್ ಅಂಚಿನ ಒಂದಿಷ್ಟು ಗದ್ದೆಗೆ ಬೋರೋ ಬದಲು ಸಾಸಿವೆಯನ್ನೋ, ಮಸೂರ್ ಬೇಳೆಯನ್ನೋ, ಬೆಳ್ಳುಳ್ಳಿಯನ್ನೋ ಹಾಕಿ ನೋಡಿದರು. ಸಾಸಿವೆಗೆ ಬೋರೋದ ಕಾಲು ಭಾಗ ನೀರೂ ಬೇಡ, ಡೀಸೆಲ್ ಖರ್ಚೂ ಉಳಿಯಿತು. ಮೀನಿನ ಮೇಲಿನ ಪ್ರೀತಿಗೆ ಯಾವ ರೈತನೂ ಬೆಳೆ ಬದಲಿಸುವುದಿಲ್ಲ, ತನ್ನ ಲೆಕ್ಕ ಕೂಡಿ ಬಂದರೆ ಬದಲಿಸುತ್ತಾನೆ, ಅದು ಸರಿಯೂ ಹೌದು.

ದೊಡ್ಡ ಉದಾಹರಣೆ ಬೇಕು ಅಂದರೆ ಶ್ರೀಮಂಗಲ್ ಹತ್ತಿರದ ಹೈಲ್ ಹಾವೊರ್. ಮಳೆಗಾಲದಲ್ಲಿ 12–13 ಸಾವಿರ ಹೆಕ್ಟೇರ್ ಹರಡುವ ನೀರು ಬೇಸಿಗೆಗೆ 3–4 ಸಾವಿರಕ್ಕೆ ಕುಗ್ಗುತ್ತದೆ. ಅದರೊಳಗಿನ ಬೈಕ್ಕಾ ಬೀಲ್ ಅನ್ನುವ ಸುಮಾರು 100 ಹೆಕ್ಟೇರ್ ಜಾಗವನ್ನು 2003ರಲ್ಲಿ ಗುತ್ತಿಗೆಯಿಂದ ತೆಗೆದು ಕಾಯಂ ಆಶ್ರಯ ಮಾಡಿದರು, ನೋಡಿಕೊಳ್ಳುವುದನ್ನು ಊರಿನವರ ಸಂಘಕ್ಕೆ ಕೊಟ್ಟರು. ನೀರಲ್ಲಿ ನಿಲ್ಲಬಲ್ಲ ಹಿಜಲ್ ಮರಗಳನ್ನು ನೆಟ್ಟರು. ಸುತ್ತಲಿನ ಹಾವೊರ್‌ನಲ್ಲಿ ಮೀನು ಜಾಸ್ತಿಯಾಯಿತು, ಚಳಿಗಾಲದ ಹಕ್ಕಿಗಳು ಬಂದವು, ಅವುಗಳ ಹಿಂದೆ ಕ್ಯಾಮೆರಾ ಹಿಡಿದವರೂ ಬಂದರು. ಇಡೀ ಹಾವೊರ್ ಮುಚ್ಚಲಿಲ್ಲ ಅನ್ನುವುದನ್ನು ನೋಡಿ. ನೂರಕ್ಕೆ ಒಂದು ಪಾಲೂ ಅಲ್ಲ. ಬೇಸಿಗೆಯಲ್ಲಿ ನೀರು ಉಳಿಯುವ ಸರಿಯಾದ ಜಾಗ ಯಾವುದು ಅಂತ ಗೊತ್ತಿದ್ದರೆ ಅಷ್ಟೇ ಸಾಕಾಗುತ್ತದೆ.

ಸೇರಿ ಮಾಡುವುದೆಲ್ಲ ಒಳ್ಳೆಯದೇ ಅಂತಲೂ ಅಲ್ಲ. ಕೊಮಿಲ್ಲಾ ಜಿಲ್ಲೆಯ ದಾವುದ್‌ಕಾಂದಿಯಲ್ಲಿ 1990ರ ದಶಕದಿಂದ ಜಮೀನಿನವರೇ ಸೇರಿ ಕಂಪನಿ ಮಾಡಿಕೊಂಡು, ಮಳೆಗಾಲದ ಬಯಲಿಗೆ ಒಡ್ಡು ಬಲೆ ಕಟ್ಟಿ, ಮೀನು ಮರಿ ಬಿಟ್ಟು ಸಾಕುತ್ತಾರೆ. ಲಾಭ ಚೆನ್ನಾಗಿದೆ, ಷೇರು ಇದ್ದವರಿಗೆ ಹಂಚುತ್ತಾರೆ. ಇದೂ ಸಹಕಾರವೇ. ಆದರೆ ಮೊದಲು ಬುಟ್ಟಿ ಹಿಡಿದು ಬಂದು ಪುಕ್ಕಟೆ ಮೀನು ಹಿಡಿಯುತ್ತಿದ್ದ ಜಮೀನಿಲ್ಲದ ಹೆಂಗಸಿಗೆ ಆ ಬೇಲಿಯೊಳಗೆ ಜಾಗ ಎಲ್ಲಿ? ಅವಳು ಹಿಡಿಯುತ್ತಿದ್ದದ್ದು ಮಾರುಕಟ್ಟೆಯ ದೊಡ್ಡ ಕಾಟ್ಲಾ ಅಲ್ಲ, ಮೊಲಾ ಥರದ ಬೆರಳುದ್ದದ ಮೀನು. ತಲೆ, ಮುಳ್ಳು, ಕಣ್ಣು ಎಲ್ಲ ಸಮೇತ ತಿನ್ನುವಂಥದ್ದು, ಎ ಜೀವಸತ್ವ ತುಂಬಿರುವಂಥದ್ದು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ. ಹಾಗಾಗಿ ಊರು ಒಪ್ಪಿದೆ ಅಂತ ಯಾರಾದರೂ ಹೇಳಿದರೆ ಊರು ಅಂದರೆ ಯಾರು ಯಾರು ಅಂತ ಕೇಳಬೇಕು.

ಇನ್ನು ಗುತ್ತಿಗೆಯ ಅವಧಿ. ಎಷ್ಟೋ ಸಂಘಗಳಿಗೆ ಸಿಕ್ಕಿದ್ದು ಹತ್ತು ವರ್ಷದ ಒಪ್ಪಂದ, ಮಾಮೂಲಿ ಇಜಾರಾ ಆದರೆ ಇನ್ನೂ ಕಮ್ಮಿ. ಲೆಕ್ಕ ನಡೆಯುವುದು ಬಂಗಾಳಿ ಪಂಚಾಂಗದಂತೆ, ಬೈಶಾಖದ ಮೊದಲ ದಿನದಿಂದ ಹೊಸ ವರ್ಷ, ಅಂದರೆ ಏಪ್ರಿಲ್ ನಡುವಿನಲ್ಲಿ. ಬೀಲ್‌ನಲ್ಲಿ ನೀರು ತೀರಾ ಕಮ್ಮಿ ಇರುವುದು ಯಾವಾಗ? ಅದೇ ಹೊತ್ತಿಗೆ. ಬಿತ್ತನೆ ಮೀನೆಲ್ಲ ಒಂದು ಗುಂಡಿಯಲ್ಲಿ ಒತ್ತೊತ್ತಾಗಿ ಸೇರಿರುವುದು ಯಾವಾಗ? ಅದೇ ಹೊತ್ತಿಗೆ. ಮುಂದಿನ ವರ್ಷ ಈ ನೀರು ತನಗೆ ಸಿಗುತ್ತದೋ ಇಲ್ಲವೋ ಅಂತ ಗೊತ್ತಿಲ್ಲದವನು, ಅವನು ಇಜಾರದಾರನೇ ಆಗಲಿ, ಹತ್ತು ವರ್ಷ ಕೆಂಪು ಬಟ್ಟೆ ಕಾದ ಸಂಘದವನೇ ಆಗಲಿ, ಆ ಪಂಚಾಂಗದಲ್ಲಿ ವರ್ಷದ ಕೊನೆಯ ತಿಂಗಳಾದ ಚೈತ್ರದ ಕೊನೆಯ ವಾರ ಆ ಗುಂಡಿಯ ಮುಂದೆ ನಿಂತಿರುತ್ತಾನೆ. ಬಾಡಿಗೆ ಪಂಪು ಊರಲ್ಲೇ ಸಿಗುತ್ತದೆ.